ಒಂದು ಕೂದಲೆಳೆ ಸಡಿಲ

ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವು ನಾಗಪುರದಲ್ಲಿದ್ದೆವು. ನನ್ನ ಗಂಡ ಊರ ಹೊರಗಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ, ತಯಾರಾದ ಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದರು. ನಾನು ಧಾರವಾಡದಲ್ಲಿ ಹಾಡು ಕಲಿತವಳು. ವಾರ್ಧಾ ರಸ್ತೆಯ ಕಡೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಆಚೆ ಆಗಿನ್ನೂ ಹೊಲಗಳಿದ್ದವು. ಈಗ ಅಲ್ಲೆಲ್ಲ ಮನೀಶ್ ನಗರದ ಕಟ್ಟಡಗಳು ಎದ್ದಿವೆಯಂತೆ.

ಮದುವೆಯಾದ ಹೊಸದರಲ್ಲಿ ನನ್ನ ಗಂಡನ ಬೆರಳುಗಳನ್ನು ಕಂಡರೆ ನನಗೆ ನಗು ಬರುತ್ತಿತ್ತು, ಸ್ವಲ್ಪ ಸಿಟ್ಟೂ ಬರುತ್ತಿತ್ತು. ಚಪಾತಿ ತಟ್ಟೆಗೆ ಬಿದ್ದ ಕೂಡಲೇ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, "ಈ ಕಡೆ ದಪ್ಪ ಆಗೇತಿ" ಅನ್ನುತ್ತಿದ್ದರು. ಸೀತಾಬರ್ಡಿಯ ಬಟ್ಟೆ ಅಂಗಡಿಯಲ್ಲಿ ನಾನು ಸೀರೆಯ ಬಣ್ಣ ನೋಡುತ್ತಿದ್ದರೆ ಅವರು ಕಣ್ಣು ಬೇರೆಲ್ಲೋ ಇಟ್ಟು ಸೆರಗನ್ನು ಉಜ್ಜಿ, ಎಲ್ಲಿ ನೂಲು ತೆಳುವಾಗಿದೆ ಎಂದು ಹೇಳಿಬಿಡುತ್ತಿದ್ದರು. ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳು ಎಷ್ಟೇ ಇದ್ದರೂ, ಎರಡು ಭಾಗಗಳು ಕೂಡಿದ ಮೇಲೆ ಅವು ಸರಿಯಾಗಿ ಕೂತಿವೆಯೇ ಎಂದು ತಿಳಿಯಲು ಕೊನೆಗೆ ಇವರನ್ನೇ ಕರೆಯುತ್ತಿದ್ದರಂತೆ.

ಒಂದು ಮಳೆಗಾಲದಲ್ಲಿ ರೈಲ್ವೆ ಗೇಟಿನ ಹತ್ತಿರ ಸ್ಕೂಟರು ಜಾರಿ ಬಿದ್ದರು. ಬಲ ಮೊಣಕೈ ಮುರಿಯಿತು. ಎಲುಬು ಕೂಡಿತು, ಕೈ ಮಡಚಲು ಚಾಚಲು ಬಂತು, ಬೆರಳುಗಳೂ ಆಡತೊಡಗಿದವು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ಏನೂ ತಿಳಿಯುತ್ತಿರಲಿಲ್ಲ. ನರಕ್ಕೆ ಪೆಟ್ಟಾಗಿದೆ, ಕಾಯಬೇಕು ಎಂದರು ವೈದ್ಯರು. ಕಾದೆವು. ಕುದಿಯುವ ಚಹಾದ ಲೋಟವನ್ನು ಆ ಮೂರು ಬೆರಳುಗಳಲ್ಲಿ ಹಿಡಿದು ಕೂತಿರುತ್ತಿದ್ದರು. ನಾನು ಓಡಿ ಹೋಗಿ ಕಸಿದುಕೊಳ್ಳುತ್ತಿದ್ದೆ.

ಕಾರ್ಖಾನೆಯವರು ಕೆಟ್ಟವರಲ್ಲ. ಉಗ್ರಾಣದಲ್ಲಿ ಮೇಜಿನ ಮುಂದೆ ಕೂರಿಸಿದರು. ಎಡಗೈ ಇದೆಯಲ್ಲ, ಅದನ್ನೇ ಪಳಗಿಸಬಾರದೇ ಎಂದು ನಾನೊಮ್ಮೆ ಕೇಳಿದೆ. "ಅದಕ್ಕೇನೂ ತಿಳಿಯೂದಿಲ್ಲ" ಎಂದರು, ಪಕ್ಕದ ಮನೆಯವರ ಬಗ್ಗೆ ಮಾತಾಡುವಂತೆ. ಆಮೇಲೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಚಪಾತಿ ಹೇಗಿದ್ದರೂ ತಿಂದು ಏಳುತ್ತಿದ್ದರು.

ಆ ಚಳಿಗಾಲದಲ್ಲಿ ಅವರ ಅಣ್ಣ ಬಂದರು. ಭಾವನವರು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವರು, ದಡಬಡ ಸ್ವಭಾವದ ಪ್ರೀತಿಯ ಮನುಷ್ಯ. ಯಾವುದೋ ಬಂದರಿನಲ್ಲಿ ಕೊಂಡ ಒಂದು ದೊಡ್ಡ ಪೆಟ್ಟಿಗೆಯನ್ನು ತಂದು ತಮ್ಮನ ಮುಂದಿಟ್ಟರು. ಒಳಗೆ ರಿಮೋಟಿನಿಂದ ಓಡುವ ಮಾದರಿ ಕಾರು, ಬಿಡಿಬಿಡಿಯಾಗಿ. ಬ್ಯಾಟರಿಯ ಆಟಿಕೆಯಲ್ಲ; ನಿಂಬೆಹಣ್ಣಿನ ಗಾತ್ರದ ನಿಜವಾದ ಎಂಜಿನ್ ಇತ್ತು. "ಕೈ ಆಡಿಸಕೋತ ಇರು, ತಾನ ಸುದ್ದ ಆಗತೈತಿ" ಎಂದರು. ನನ್ನ ಗಂಡ ಮುಟ್ಟಲಿಲ್ಲ. ಭಾವನವರೇ ಕೂತು ಅವಸರದಲ್ಲಿ ಜೋಡಿಸಿ, ಅಂಗಳದಲ್ಲಿ ಎಂಜಿನ್ ಹೊತ್ತಿಸಿದರು. ಹೊತ್ತಿದ್ದೇ ತಡ, ಕಾರು ಅವರ ಕೈಯಿಂದ ಜಿಗಿದು ಕಾಂಪೌಂಡ್ ಗೋಡೆಗೆ ಬಡಿದು ಕವುಚಿಕೊಂಡಿತು. ಭಾವನವರು ನಕ್ಕರು, ಎತ್ತಿಟ್ಟರು, ರಜೆ ಮುಗಿಸಿ ಹಡಗಿಗೆ ಹೋದರು. ಪೆಟ್ಟಿಗೆ ಅಟ್ಟ ಸೇರಿತು.

ಬೇಸಿಗೆ ಬಂತು. ನಾಗಪುರದ ಮೇ ತಿಂಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಕೂಲರಿಗೆ ಹಾಕುವ ಲಾವಂಚದ ಹುಲ್ಲನ್ನು ಇಳಿಸಲು ಅಟ್ಟ ಹತ್ತಿದವಳು ಪೆಟ್ಟಿಗೆಯನ್ನೂ ಇಳಿಸಿದೆ. ಶಾಲೆಗೆ ರಜೆ ಇತ್ತು, ಮಧ್ಯಾಹ್ನಗಳು ಮುಗಿಯುತ್ತಿರಲಿಲ್ಲ. ಕಾರನ್ನು ಊಟದ ಮೇಜಿನ ಮೇಲಿಟ್ಟು ಧೂಳು ಒರೆಸುತ್ತಾ ಹಿಂದಿನ ಗಾಲಿಯನ್ನು ತಿರುಗಿಸಿದೆ. ಅದರ ಜೊತೆಗೆ ಎಂಜಿನ್ನಿನ ಮುಂದಿದ್ದ ದಪ್ಪ ಚಕ್ರವೂ ಕರಕರ ಎನ್ನುತ್ತಾ ತಿರುಗಿತು.

"ರೀ, ಇದು ಯಾಕ ಹಿಂಗ ಎಲ್ಲಾ ಕೂಡೇ ತಿರಗತೈತಿ?"

ಭಾನುವಾರದ ಪತ್ರಿಕೆಯ ಹಿಂದಿನಿಂದ ಉತ್ತರ ಬಂತು: "ಕ್ಲಚ್ಚಿಗೆ ಜಾಗಾ ಇಲ್ಲ."

"ಜಾಗಾ ಅಂದ್ರ?"

ಪತ್ರಿಕೆ ಇಳಿಯಿತು. ತಿಂಗಳುಗಳ ನಂತರ ಅವರು ನನಗೆ ಏನನ್ನೋ ವಿವರಿಸತೊಡಗಿದರು. ಎಂಜಿನ್ನಿನ ಚಕ್ರಕ್ಕೆ ಎರಡು ಪುಟ್ಟ ತುಂಡುಗಳು ಅಂಟಿಕೊಂಡಿರುತ್ತವೆ, ಅವಕ್ಕೆ ಶೂ ಎನ್ನುತ್ತಾರೆ. ಅವುಗಳ ಮೇಲೆ ಒಂದು ಉಕ್ಕಿನ ಬಟ್ಟಲು ಮುಚ್ಚಿಕೊಂಡಿರುತ್ತದೆ. "ಎಂಜಿನ್ ಮೆಲ್ಲಕ ತಿರುಗುವಾಗ ಶೂ ಎರಡೂ ಸ್ಪ್ರಿಂಗಿನ ಹಿಡಿತದಾಗ ಸುಮ್ಮನ ಇರತಾವ. ಜೋರಾದ್ರ ಅಗಲಾಗಿ ಬಟ್ಟಲಾ ಒಳಗಿಂದ ಹಿಡೀತಾವ. ಆಗ ಬಟ್ಟಲಾ ತಿರಗತೈತಿ, ಅದರ ಹಲ್ಲಿನಿಂದ ಗಾಲಿ ತಿರಗತಾವ. ನಡುವ ಜಾಗಾ ಇರಲಿಲ್ಲಂದ್ರ ಎಂಜಿನ್ ಚಾಲೂ ಆತು ಅಂದ್ರ ಗಾಡಿ ಓಡತೈತಿ. ನಿಂದ್ರೂದ ಇಲ್ಲ. ಅಣ್ಣ ಯಾವದೋ ದಪ್ಪ ವಾಶರ್ ತುರುಕಿ ಬಿಗದಾನ."

"ಹಂಗಾದ್ರ ಏನ ಹಾಕಬೇಕು?"

"ಶಿಮ್." ಪೆಟ್ಟಿಗೆಯ ಮೂಲೆಯಿಂದ ಒಂದು ಪುಟ್ಟ ಪೊಟ್ಟಣ ಹುಡುಕಿ ಮೇಜಿನ ಮೇಲೆ ಸುರಿದರು. ಮೂಗುತಿಯ ತಿರುಪಿಗಿಂತ ಸ್ವಲ್ಪ ದೊಡ್ಡ, ಕಾಗದದಷ್ಟು ತೆಳುವಾದ ಉಕ್ಕಿನ ಉಂಗುರಗಳು. ಬಟ್ಟಲಿನ ಹಿಂದೆ ಕೆಲವು, ಮುಂದೆ ಕೆಲವು ಹಾಕಿ ತಿರುಪು ಬಿಗಿಯಬೇಕು. ಹೆಚ್ಚಾದರೆ ಬಟ್ಟಲು ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ಅತ್ತಿತ್ತ ಬಡಿದಾಡಿ ಹಲ್ಲು ತಿನ್ನುತ್ತದೆ. ಎಲ್ಲ ಉಂಗುರಗಳೂ ನನ್ನ ಕಣ್ಣಿಗೆ ಒಂದೇ ಆಗಿದ್ದವು. ಮೂರು ಬಗೆ ಇವೆ, ತೀರಾ ತೆಳುವಾದದ್ದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಎಂದರು ಅವರು.

ಆ ಉತ್ಸಾಹದಲ್ಲಿ ತಮ್ಮ ಬೆರಳನ್ನು ಮರೆತರೋ ಏನೋ. ತಾವೇ ತಿರುಪು ಬಿಚ್ಚಿ, ಬಲಗೈಯಲ್ಲಿ ಒಂದು ಉಂಗುರ ಎತ್ತಲು ಹೋದರು. ಅದು ಬೆರಳಿಗೆ ಅಂಟಿದೆಯೋ ಇಲ್ಲವೋ ಅವರಿಗೆ ಗೊತ್ತಾಗಲಿಲ್ಲ. ಎರಡು ಸಲ ಬರಿಗೈಯನ್ನೇ ಬಟ್ಟಲು ಕೂರುವ ಎಂಜಿನ್ನಿನ ದಂಡದ ತುದಿಗೆ ಒಯ್ದರು. ಮತ್ತೊಮ್ಮೆ ಚಾಚಿದಾಗ ಮಣಿಕಟ್ಟು ತಾಗಿ ಉಂಗುರಗಳೆಲ್ಲ ನೆಲಕ್ಕೆ ಚೆಲ್ಲಿದವು. ಅವರು ಎದ್ದು ವರಾಂಡಕ್ಕೆ ಹೋಗಿ, ಆ ಸುಡುಗಾಳಿಯಲ್ಲಿ ಬೆನ್ನು ತಿರುಗಿಸಿ ನಿಂತುಬಿಟ್ಟರು.

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಹೇಳಿದ್ದರೆ ಅಂದಿಗೆ ಎಲ್ಲ ಮುಗಿದುಹೋಗುತ್ತಿತ್ತು. ಬೆರಳ ತುದಿಯನ್ನು ಒದ್ದೆ ಮಾಡಿಕೊಂಡು ನೆಲದ ಮೇಲೆ ಒತ್ತುತ್ತಾ ಹೋದೆ. ಉಂಗುರಗಳು ಒಂದೊಂದಾಗಿ ಅಂಟಿ ಬಂದವು. ಹಾಗೆ ಎತ್ತುವಾಗಲೇ ನನಗೊಂದು ಸಂಗತಿ ಹೊಳೆಯಿತು. ಕಣ್ಣಿಗೆ ಒಂದೇ ಆಗಿದ್ದ ಉಂಗುರಗಳು ಬೆರಳಿಗೆ ಒಂದೇ ಆಗಿರಲಿಲ್ಲ. ತಂಬೂರಿಯ ತಂತಿಗೂ ಅದು ಕೂರುವ ಕುದುರೆಗೂ ನಡುವೆ ಒಂದೆಳೆ ದಾರ ತೂರಿಸಿ ಹಿಂದೆ ಮುಂದೆ ಜರುಗಿಸಿದರೆ ನಾದ ತೆರೆದುಕೊಳ್ಳುವ ಜಾಗವೊಂದು ಸಿಗುತ್ತದೆ. ಎಷ್ಟೋ ವರ್ಷ ಅದನ್ನು ಹುಡುಕಿದ ಬೆರಳುಗಳು ನನ್ನವು. ಅವಕ್ಕೆ ಇಂಥ ಕೆಲಸವೂ ಬರಬಹುದೆಂದು ನಾನು ಎಂದೂ ಯೋಚಿಸಿರಲಿಲ್ಲ.

ಭಾವನವರ ವಾಶರನ್ನು ಬದಿಗಿಟ್ಟು, ಹಿಂದೊಂದು ಮುಂದೊಂದು ಉಂಗುರ ಹಾಕಿ ತಿರುಪು ಬಿಗಿದೆ. ಬಟ್ಟಲನ್ನು ಹಿಡಿದು ಅಲ್ಲಾಡಿಸಿದೆ.

"ರೀ, ಇದು ಆಡಾಕತ್ತೈತಿ" ಎಂದು ಒಳಗಿನಿಂದಲೇ ಕೂಗಿದೆ.

ಬೆನ್ನು ತಿರುಗಲಿಲ್ಲ. ಆದರೆ ಮಾತು ಬಂತು. "ಆಡತೈತಿ ಅಂದ್ರ ಹೆಂಗ? ಬಡೀತೈತೋ, ಜಾರತೈತೋ, ಅಲಗತೈತೋ?"

"ಮೂರೂ ಒಂದ ಅಲ್ಲೇನ್ರಿ?"

ಈಗ ಅವರು ತಿರುಗಿದರು. "ಒಂದ ಹೆಂಗ ಆದೀತು? ಟಕ್ ಅಂತ ಕೊನೀಗೆ ಹೋಗಿ ನಿಂತ್ರ ಬಡೀತೈತಿ. ಸಪ್ಪಳಿಲ್ಲದ ಹೋಗಿ ನಿಂತ್ರ ಜಾರತೈತಿ. ಹೋದದ್ದ ಕಣ್ಣಿಗೆ ಗೊತ್ತಾಗಬಾರದು, ಆದ್ರ ಕೈಗೆ ಗೊತ್ತಾಗಬೇಕು. ಅದು ಅಲಗೂದು. ಅಷ್ಟ ಬೇಕು."

"ಬಡೀತೈತಿ."

"ಹಂಗಾದ್ರ ಮುಂದಿನ ಕಡೆ ಇನ್ನೊಂದು ಹಾಕು. ನಡೂ ದಪ್ಪದ್ದು."

ಹೀಗೆ ಶುರುವಾಯಿತು. ನಾನು ಬಿಚ್ಚುವುದು, ಉಂಗುರ ಬದಲಿಸುವುದು, ಬಿಗಿಯುವುದು, ಅಲ್ಲಾಡಿಸುವುದು. ಅವರು ಎದುರಿಗೆ ಕೂತು ನನ್ನ ಮುಖ ನೋಡುತ್ತಾ ಪ್ರಶ್ನೆ ಕೇಳುವುದು. ಒಮ್ಮೆ ಬಟ್ಟಲು ಪೂರ್ತಿ ಸಿಕ್ಕಿಕೊಂಡಿತು. ಒಮ್ಮೆ ಚೆನ್ನಾಗಿ ಅಲುಗಿತು, ಆದರೆ ತಿರುಗಿಸಿದರೆ ಒಳಗೆ ಎಲ್ಲೋ ಉಜ್ಜುತ್ತಿತ್ತು. ಬಟ್ಟಲು ಶೂಗಳಿಗೆ ತೀರಾ ಹತ್ತಿರ ಕೂತಿದೆ, ಮುಂದಿನ ಉಂಗುರವೊಂದನ್ನು ಹಿಂದಕ್ಕೆ ಹಾಕು ಎಂದರು. ತಮ್ಮ ಬೆರಳಿಗೆ ಗೊತ್ತಿದ್ದುದನ್ನು ಅವರು ಎಂದೂ ಮಾತಿನಲ್ಲಿ ಹೇಳಿದವರಲ್ಲ, ಹೇಳುವ ಅಗತ್ಯವೂ ಬಂದಿರಲಿಲ್ಲ. ಈಗ ಶಬ್ದಕ್ಕಾಗಿ ತಡಕಾಡುತ್ತಿದ್ದರು. ಹುಬ್ಬು ಗಂಟಿಕ್ಕಿ, "ಹಂಗಲ್ಲ, ತಡಿ, ಹೆಂಗ ಹೇಳಲಿ" ಎನ್ನುತ್ತಿದ್ದರು. ಸಿಕ್ಕ ಶಬ್ದ ಸರಿಯಾಗಿದ್ದರೆ ನನ್ನ ಕೈಗೆ ಅದು ತಟ್ಟನೆ ಗೊತ್ತಾಗುತ್ತಿತ್ತು.

ಕೆಲವು ಭಾನುವಾರದ ಮಧ್ಯಾಹ್ನಗಳು ಹೀಗೇ ಹೋದವು. ಕೂಲರಿನ ಒದ್ದೆ ಗಾಳಿ, ಲಾವಂಚದ ವಾಸನೆ, ಮೇಜಿನ ಮೇಲೆ ಹಳೆಯ ಬಿಳಿ ಪಂಚೆಯ ತುಂಡು, ಅದರ ಮೇಲೆ ಉಂಗುರಗಳು. ಒಂದು ದಿನ ಬಟ್ಟಲನ್ನು ಹಿಡಿದವಳು ಮತ್ತೆ ಮತ್ತೆ ಅಲ್ಲಾಡಿಸಿ ನೋಡಿದೆ.

"ಏನಾತು?"

"ಹಲ್ಲು ಬೀಳೂಕ್ಕಿಂತ ಎಷ್ಟೋ ದಿನಾ ಮೊದಲ, ಇನ್ನೂ ಯಾರಿಗೂ ಕಾಣದಿದ್ದಾಗ, ನಾಲಿಗಿಗೆ ಮಾತ್ರ ಗೊತ್ತಾಗತೈತಲ್ಲರಿ? ಹಂಗ ಐತಿ."

ಅವರು ಕೈ ಚಾಚಿ ಬಟ್ಟಲನ್ನು ಒಂದು ಸಲ ಫಿರ್ ಎಂದು ತಿರುಗಿಸಿದರು. ಅದು ತಿರುಗಿತು, ತಿರುಗುತ್ತಲೇ ಇತ್ತು. ಕರಕರ ಸದ್ದಿಲ್ಲ, ಏನೂ ಇಲ್ಲ. ಎಂಜಿನ್ನಿನ ಚಕ್ರ ಪಕ್ಕದಲ್ಲೇ ಅಲ್ಲಾಡದೆ ಕೂತಿತ್ತು. ನಾವಿಬ್ಬರೂ ಬಾಗಿ, ಆ ಬಟ್ಟಲು ನಿಧಾನವಾಗುತ್ತಾ ನಿಧಾನವಾಗುತ್ತಾ ನಿಲ್ಲುವುದನ್ನು ಉಸಿರು ಹಿಡಿದು ನೋಡಿದೆವು. ನಾಲ್ಕು ಉಕ್ಕಿನ ಚೂರುಗಳ ನಡುವೆ ನಾನು ಬಿಟ್ಟ ಖಾಲಿ ಜಾಗ ಅದನ್ನು ತಿರುಗಲು ಬಿಟ್ಟಿತ್ತು. ಮೈ ಜುಮ್ಮೆಂದಿತು.

"ಬರೋಬರ್" ಎಂದರು ಅವರು. ಕಾರ್ಖಾನೆಯಲ್ಲಿ ಪಾಸು ಮಾಡುವಾಗ ಹೀಗೇ ಅನ್ನುತ್ತಿದ್ದರೇನೋ.

ಓಡಿಸಲು ಇಂಧನ ಬೇಕಿತ್ತು. ನಮ್ಮ ಪರಿಚಯದಲ್ಲಿ ಮೈಸೂರಿನ ಕಡೆಯ ಒಬ್ಬ ಏರ್‌ಫೋರ್ಸ್ ಅಧಿಕಾರಿ ಇದ್ದರು, ಕನ್ನಡ ಸಂಘದ ಗಣೇಶ ಹಬ್ಬದಲ್ಲಿ ಸಿಗುತ್ತಿದ್ದವರು. ಭಾನುವಾರ ಬೆಳಿಗ್ಗೆ ದೊಡ್ಡ ಮೈದಾನವೊಂದರಲ್ಲಿ ಮಾದರಿ ವಿಮಾನ ಹಾರಿಸುವುದು ಅವರ ಹುಚ್ಚು. ನಾವು ಕಾರು ಹೊತ್ತುಕೊಂಡು ಹೋದಾಗ ಅವರ ಮುಖ ಅರಳಿತು. "ಅಯ್ಯೋ, ಇಂಥದ್ದನ್ನ ಅಟ್ಟದ ಮೇಲೆ ಇಟ್ಟಿದ್ರಾ!" ಎಂದರು. ಮೆಥನಾಲಿಗೆ ಔಡಲೆಣ್ಣೆ ಬೆರೆಸಿದ ತಮ್ಮ ಇಂಧನವನ್ನೇ ಟ್ಯಾಂಕಿಗೆ ಸುರಿದರು. ಗಾಲಿಗಳು ನೆಲಕ್ಕೆ ತಾಗದಂತೆ ಕಾರನ್ನು ಇಟ್ಟಿಗೆಯ ಮೇಲಿಟ್ಟು, ಚಕ್ರಕ್ಕೆ ಹುರಿ ಸುತ್ತಿ, ಸರಕ್ಕನೆ ಎಳೆದರು.

ಎಂಜಿನ್ ಚೀರಿತು. ನಾನು ಹಿಂದಕ್ಕೆ ಸರಿದೆ. ನೀಲಿ ಹೊಗೆ, ಕಾದ ಔಡಲೆಣ್ಣೆಯ ಸಿಹಿಯಾದ ವಾಸನೆ. ಅಧಿಕಾರಿಗಳು ಒಂದು ಪುಟ್ಟ ತಿರುಪು ತಿರುವಿದಾಗ ಚೀರಾಟ ಇಳಿದು ಗುರುಗುಟ್ಟತೊಡಗಿತು. ಕಾರನ್ನು ಇಟ್ಟಿಗೆಯಿಂದ ಇಳಿಸಿ ನೆಲದ ಮೇಲಿಟ್ಟು ಕೈ ಬಿಟ್ಟರು.

ಅದು ನಿಂತಿತ್ತು. ಎಂಜಿನ್ ನಿಮಿಷಕ್ಕೆ ಎಷ್ಟು ಸಾವಿರ ಸುತ್ತು ಸುತ್ತುತ್ತಿತ್ತೋ, ಮೈಯೆಲ್ಲ ನಡುಗುತ್ತಿತ್ತು, ಹೊಗೆ ಕಾರುತ್ತಿತ್ತು; ಗಾಲಿಗಳು ಮಾತ್ರ ಅಲ್ಲಾಡದೆ ನಿಂತಿದ್ದವು. ಅಂಗಳದಲ್ಲಿ ಗೋಡೆಗೆ ಹೋಗಿ ಬಡಿದದ್ದು ಇದೇ ಕಾರು. ನಾನು ಬಹಳಷ್ಟು ದೇವಸ್ಥಾನಗಳಿಗೆ ಹೋದವಳು. ದೊಡ್ಡ ಗಾಯಕರ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದವಳು. ಆದರೆ ಆ ಬೆಳಿಗ್ಗೆ, ಆ ಒಣ ಮೈದಾನದಲ್ಲಿ, ಗರ್ಜಿಸುತ್ತಾ ನಿಂತೇ ಇದ್ದ ಆ ಪುಟ್ಟ ವಾಹನದ ಮುಂದೆ ನನಗೆ ಕೈಮುಗಿಯಬೇಕೆನ್ನಿಸಿತು.

ಅಧಿಕಾರಿಗಳು ರಿಮೋಟಿನ ಕಡ್ಡಿ ಮುಂದೂಡಿದರು. ಕಾರು ಒಂದು ಕ್ಷಣ ಮೈ ತಗ್ಗಿಸಿ, ಬಾಣದಂತೆ ಹೋಯಿತು. ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹೊರಟಿದ್ದವನೊಬ್ಬ "ಅರೇ ಬಾಪ್ರೇ!" ಎಂದು ಇಳಿದು ನಿಂತ.

ಕೆಲವು ಸುತ್ತು ಚೆನ್ನಾಗಿ ಓಡಿತು. ಆಮೇಲೆ ನಿಲ್ಲಿಸಿದರೆ ನಿಲ್ಲಲೊಲ್ಲದು. ಎಂಜಿನ್ನಿನ ವೇಗ ಇಳಿಸಿದರೂ ಮುಂದೆ ಮುಂದೆ ತೆವಳುತ್ತಿತ್ತು. ಎತ್ತಿ ಹಿಡಿದು ಎಂಜಿನ್ ಆರಿಸಿದರು. ಗಂಡನ ಮುಖ ನೋಡಲು ಧೈರ್ಯವಾಗಲಿಲ್ಲ. ಇನ್ನು ಮತ್ತೆ ಅಟ್ಟಕ್ಕೇ ಎಂದುಕೊಂಡೆ.

ಅವರು ಮಾತ್ರ ಮೊಣಕಾಲೂರಿ ಕೂತು, "ಜಲ್ದಿ, ಆರೂದರಾಗ ಹಿಡದು ನೋಡು" ಎಂದರು.

"ಸುಡತೈತ್ರಿ!"

"ಸೆರಗಿನಾಗ ಹಿಡಿ. ಕಾದಾಗ ಹೆಂಗ ಐತಿ, ಅದ ನಮಗ ಬೇಕಾಗಿರೂದು."

ಸೆರಗು ಮಡಚಿ ಬಟ್ಟಲನ್ನು ಹಿಡಿದೆ. ಬಟ್ಟೆಯ ಮೂಲಕವೂ ಬಿಸಿ ಚುರುಗುಟ್ಟಿತು. ಅಲ್ಲಾಡಿಸಿದೆ. ಮನೆಯಲ್ಲಿ ಇದ್ದ ಆ ಅಲುಗಾಟ ಎಲ್ಲೂ ಇರಲಿಲ್ಲ. "ಏನೂ ಇಲ್ಲರಿ. ಮುಚ್ಚಿಹೋಗೇತಿ."

ಅವರು ತಲೆಗೆ ಕೈಹೊಡೆದುಕೊಂಡು ನಕ್ಕರು. ಹೌದು, ನಕ್ಕರು. "ಬಟ್ಟಲಾ ಕಾದು ಹಿಗ್ಗೇತಿ. ನಾವು ಕೂಲರ್ ಮುಂದ ಕೂತು ಅಳತಿ ಮಾಡೇವಿ! ತಣ್ಣಗಿದ್ದಾಗ ಇನ್ನೊಂಚೂರು ಜಾಸ್ತಿ ಬಿಡಬೇಕು. ಅಲಗೂದಕ್ಕೂ ಜಾರೂದಕ್ಕೂ ನಡುವ."

ಮೈದಾನದಲ್ಲೇ ಪತ್ರಿಕೆ ಹಾಸಿ ಕೂತೆವು. ಮುಂದಿನ ಉಂಗುರಗಳಲ್ಲಿ ಒಂದನ್ನು ತೆಗೆದು ಅದಕ್ಕಿಂತ ತೆಳುವಾದದ್ದನ್ನು ಹಾಕಿದೆ. ಗಾಳಿಗೆ ಹಾರದಂತೆ ಉಳಿದವನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದೆ. ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಅಧಿಕಾರಿಗಳು ನೆಲಕ್ಕಿಳಿಸಿಟ್ಟ ತಮ್ಮ ಮಾದರಿ ವಿಮಾನದ ಪಕ್ಕ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಎರಡನೆಯ ಸಲ ಹೊತ್ತಿಸಿದ ಮೇಲೆ ಅಧಿಕಾರಿಗಳು ರಿಮೋಟನ್ನು ನನ್ನ ಗಂಡನ ಕೈಗಿಟ್ಟರು. ಬೇಡ ಎನ್ನುತ್ತಾರೆಂದು ನಾನು ಕಾದೆ. ಅನ್ನಲಿಲ್ಲ. ಎಡ ಹೆಬ್ಬೆರಳನ್ನು ಒಂದು ಕಡ್ಡಿಯ ಮೇಲಿಟ್ಟರು; ಬಲ ಹೆಬ್ಬೆರಳು ಎಲ್ಲಿದೆಯೆಂದು ಕಣ್ಣಿನಿಂದ ನೋಡಿ ಇನ್ನೊಂದರ ಮೇಲಿಟ್ಟರು. ಮೊದಲು ಕಾರು ಕುಡಿದವರಂತೆ ಅತ್ತಿತ್ತ ಹೋಯಿತು. ಆಮೇಲೆ ನೆಟ್ಟಗಾಯಿತು. ಮೈದಾನದ ಆ ತುದಿಯ ಬೇವಿನ ಮರಗಳ ತನಕ ಹೋಗಿ, ಧೂಳಿನ ದೊಡ್ಡ ಕಮಾನು ಎಬ್ಬಿಸಿ ತಿರುಗಿ, ನಮ್ಮತ್ತಲೇ ಬಂತು. ಬೇವಿನಿಂದ ಗಿಳಿಗಳೆಲ್ಲ ಒಟ್ಟಿಗೇ ಎದ್ದವು. ನಮ್ಮ ಮುಂದೆ ಬಂದಾಗ ಅವರು ಕಡ್ಡಿಯನ್ನು ಬಿಟ್ಟರು. ಕಾರು ಜಾರುತ್ತಾ ಬಂದು ನಿಂತು, ಹೊಗೆಯಾಡುತ್ತಾ, ಗುರುಗುಟ್ಟುತ್ತಾ ಕಾಯತೊಡಗಿತು. ತೆವಳಲಿಲ್ಲ.

ಇಂಧನ ಮುಗಿಯುವ ತನಕ ಓಡಿಸಿದರು. ಬಿಸಿಲು ಏರಿತ್ತು. ಹಾಲಿನವನ ಹಾಲು ಒಡೆದಿತ್ತೇನೋ, ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಹೊರಡುವಾಗ ಅಧಿಕಾರಿಗಳು ಹೇಳಿದರು: "ನಾನು ಆಗ್ಲಿಂದ ಕೇಳ್ತಾ ಇದ್ದೆ. ಕೈಗೆ ಏನು ಗೊತ್ತಾಗ್ಬೇಕು ಅನ್ನೋದನ್ನ ಹೀಗೆ ಬಿಡಿಸಿ ಹೇಳೋರನ್ನ ನಾನು ಕಂಡೇ ಇಲ್ಲ. ನಮ್ಮಲ್ಲಿ 'ಫೀಲ್ ಮಾಡು' ಅಂತಾರೆ ಅಷ್ಟೆ. ನಿಮ್ಮ ಕಾರ್ಖಾನೆಯಲ್ಲಿ ಅಪ್ರೆಂಟಿಸ್‌ಗಳಿಗೆ ಕಲಿಸೋ ಶಾಲೆ ಇದೆಯಲ್ಲ, ಯಾಕೆ ಕೇಳ್ಬಾರ್ದು?"

ಮನೆಗೆ ಮರಳುವಾಗ ಸ್ಕೂಟರು ನಾನೇ ಓಡಿಸಿದೆ; ಆ ವೇಳೆಗೆ ಕಲಿತಿದ್ದೆ. ಕಾರನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ ನನ್ನ ಗಂಡ ದಾರಿಯುದ್ದಕ್ಕೂ ಏನೋ ಗೊಣಗುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿಸಿತು. "ಅಲಗೂದಕ್ಕ ಹಿಂದಿಯೊಳಗ ಏನಂತಾರ? ಹಿಲ್ನಾ ಅಂದ್ರ ಭಾಳ ದೊಡ್ಡದಾತು."

ಅಪ್ರೆಂಟಿಸ್ ಶಾಲೆಗೆ ಹಾಕಿ ಎಂದು ಅವರು ಕಾರ್ಖಾನೆಯಲ್ಲಿ ಕೇಳಿಕೊಂಡದ್ದು ಬೇಗ ಆಗಲಿಲ್ಲ. ಮೇಲಿನವರಿಗೆ ಅನುಮಾನವಿತ್ತು: ಮುಟ್ಟಿದ್ದು ತಿಳಿಯದ ಕೈಯವರು ಮುಟ್ಟಿ ತಿಳಿಯುವುದನ್ನು ಹೇಗೆ ಕಲಿಸುತ್ತಾರೆ? ಮಳೆಗಾಲ ಕಳೆದು, ಕಳಮನಾ ಮಾರುಕಟ್ಟೆಯ ಕಡೆಗೆ ಕಿತ್ತಳೆಯ ಲಾರಿಗಳು ಹೋಗತೊಡಗಿದ ಕಾಲಕ್ಕೆ, ಒಂದು ತಂಡವನ್ನು ಇವರ ಕೈಗೆ ಒಪ್ಪಿಸಿ ನೋಡೋಣ ಎಂದರು. ಆ ಬೆರಳುಗಳಿಗೆ ಪೂರ್ತಿ ಸ್ಪರ್ಶ ಮರಳಲೇ ಇಲ್ಲ. ಮುಂದೆ ಹೆಬ್ಬೆರಳಿನ ತುದಿಗೆ ಬಿಸಿ, ತಣ್ಣಗೆ ಎನ್ನುವಷ್ಟು ತಿಳಿಯತೊಡಗಿತು, ಅಷ್ಟೆ. ಆದರೂ ನಿವೃತ್ತಿಯಾಗುವವರೆಗೆ ಅವರು ಕಲಿಸುವ ಕೆಲಸದಲ್ಲೇ ಇದ್ದರು.

ಮೊದಲ ದಿನ ಹೋಗಿ ಬಂದ ಸಂಜೆ ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಗಿತ್ತು. ಭಂಡಾರಾ ಊರಿನ ಒಬ್ಬ ಹುಡುಗನಿಗೆ ಎಷ್ಟು ಹೇಳಿದರೂ ಜಾರುವುದಕ್ಕೂ ಬಡಿಯುವುದಕ್ಕೂ ವ್ಯತ್ಯಾಸ ತಲೆಗೆ ಹತ್ತಲಿಲ್ಲವಂತೆ; ಕಣ್ಣು ಮುಚ್ಚು ಎಂದಾಗ ಹತ್ತಿತಂತೆ. ಇನ್ನೊಬ್ಬ ಉಸಿರು ಬಿಗಿಹಿಡಿದು ಬೆವೆತುಹೋದನಂತೆ. ನಾನು ತಟ್ಟೆ ಹಾಕಿದೆ. ಅವರು ಕೈ ತೊಳೆದು ಬಂದು ಕೂತು, ಚಪಾತಿ ಮುರಿದು, ಅದನ್ನು ಕೈಯಲ್ಲೇ ಹಿಡಿದುಕೊಂಡು ಹೇಳುತ್ತಾ ಹೋದರು. ಪಲ್ಯ ಆರಿತು, ಸಾರು ಆರಿತು. ಬಿಸಿ ಮಾಡಿ ತರುತ್ತೇನೆಂದು ಎದ್ದರೆ, "ತಡಿ, ಕೂಡು, ಇದೊಂದು ಕೇಳು" ಎಂದು ನನ್ನನ್ನು ಮತ್ತೆ ಕೂರಿಸಿದರು.